ನಮ್ಮನ್ನು ನಾವೇ ಅಳೆದ ಬೆಳಿಗ್ಗೆ

ನನಗೆ ಕೆಲಸ ಕಲಿಸಿದ ನಾಗರಾಜ್ ಸಾರ್ ಅವರಿಗೆ,

ಗಾಂಧಿ ಬಜಾರಿನ ಹೋಟೆಲೊಂದರ ಅಡುಗೆಮನೆ ತಪಾಸಣೆ ಮುಗಿಸಿ ಫುಟ್‌ಪಾತಿನಲ್ಲಿ ನಿಂತು ಕೇಳಿದ್ದಿರಿ: "ಇವರನ್ನೆಲ್ಲ ನಾವು ಅಳೀತೀವಿ. ನಮ್ಮನ್ನ ಅಳೆಯೋರು ಯಾರಯ್ಯಾ?" ಆಮೇಲೆ ಹಟವೇ ಹಿಡಿದಿರಿ. ಆಹಾರ ತಪಾಸಕರಿಗೂ ಒಂದು ಗುಣಮಟ್ಟ ಬೇಕು, ನಮ್ಮ ತರಬೇತಿ, ಉಪಕರಣ, ತೀರ್ಪು ಎಲ್ಲವನ್ನೂ ನಾವೇ ಪರೀಕ್ಷಿಸಿಕೊಳ್ಳಬೇಕು ಎಂದು. ಮೇಲಿನ ಆದೇಶವಿಲ್ಲ, ಮಾಡದಿದ್ದರೆ ಶಿಕ್ಷೆಯೂ ಇಲ್ಲ. ಕಡ್ಡಾಯವಲ್ಲದ್ದಕ್ಕೆ ಯಾಕೆ ಕಡ್ಡಿ ಆಡಿಸುತ್ತೀರಿ ಎಂದು ಆಫೀಸೆಲ್ಲ ನಕ್ಕಿತು. ಸ್ವಯಂಪ್ರೇರಿತ ಅಂದರೆ ಸ್ವಯಂಪಾಕದ ಹಾಗೆ, ಸೀದರೂ ನಾವೇ ತಿನ್ನಬೇಕು ಎಂದು ನಾನೂ ಕೀಟಲೆ ಮಾಡಿದ್ದೆ. ಈಗ ಸೀದಿದೆ, ಸಾರ್. ತಿನ್ನಲು ನೀವಿಲ್ಲ.

ನೀವು ತೀರಿಕೊಂಡ ಮೇಲೆ, ನಿಮ್ಮ ನೆನಪಿಗೆಂದು, ಆ ಪರೀಕ್ಷೆ ಶುರು ಮಾಡಿದೆವು. ಮೊದಲ ಬೆಳಿಗ್ಗೆ ಆಫೀಸಿನ ಥರ್ಮಾಮೀಟರುಗಳನ್ನೆಲ್ಲ ಕುದಿಯುವ ನೀರಿಗೆ ಅದ್ದಿದೆವು. ಎಲ್ಲವೂ ಸರಿ ಇದ್ದವು, ನಿಮ್ಮದೊಂದನ್ನು ಬಿಟ್ಟು. ಕೊತಕೊತ ಕುದಿಯುವ ನೀರನ್ನೂ ಅದು ಉಗುರುಬೆಚ್ಚಗಿದೆ ಅಂದಿತು. ಯಾರಾದರೂ ಮುಟ್ಟಿದರೆ ಬೈಯುತ್ತಿದ್ದಿರಲ್ಲ, ಅದೇ.

ಚಾಮರಾಜಪೇಟೆಯ ಮಂಜಣ್ಣನ ಮೆಸ್ಸು ಕಣ್ಣ ಮುಂದೆ ಬಂತು. ಸಾಂಬಾರು ಸಾಕಷ್ಟು ಬಿಸಿಯಿಲ್ಲ ಎಂದು ಮತ್ತೆ ಮತ್ತೆ ನೋಟಿಸು ಕೊಟ್ಟು, ಕೊನೆಗೆ ಲೈಸೆನ್ಸ್ ಅಮಾನತು ಮಾಡಿಸಿದಿರಿ. ಈಗ ತಾನೇ ಒಲೆಯಿಂದ ಇಳಿಸಿದ್ದೆಂದು ಆತ ಆಣೆ ಇಟ್ಟರೂ ನೀವು ನಂಬಿದ್ದು ಥರ್ಮಾಮೀಟರನ್ನು. ಪಾತ್ರೆಯಿಂದ ಹಬೆ ಏಳುತ್ತಿತ್ತು, ಸಾರ್. ಎಲ್ಲರಿಗೂ ಕಾಣುತ್ತಿತ್ತು. ಆದರೆ ನಿಮ್ಮ ಅಳತೆಯ ಮೇಲೆ ನಮಗೆಲ್ಲ ಎಂಥಾ ನಂಬಿಕೆ... ಆ ಮೆಸ್ಸು ಮತ್ತೆ ತೆರೆಯಲಿಲ್ಲ.

ಆ ಥರ್ಮಾಮೀಟರನ್ನು ಗುಜರಿಗೆ ಹಾಕಿ ಹೊಸದು ತರಿಸಿ ಸುಮ್ಮನಿರೋಣ ಎಂದರು ಸಹೋದ್ಯೋಗಿ ಶಶಿಕಲಾ. "ಹೋದೋರ ಹೆಸರು ಯಾಕ್ರೀ ಕೆಡಿಸ್ತೀರಾ?" ಮುಚ್ಚಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಬೇರೆಯವರ ತಪ್ಪನ್ನು ಬರೆದು ನಮ್ಮದನ್ನು ಬಿಟ್ಟರೆ ನಿಮ್ಮ ಆ ಹಟಕ್ಕೆ ಏನರ್ಥ? ವರದಿಯಲ್ಲಿ ಬರೆದೆ. ಮಂಜಣ್ಣನನ್ನು ಹುಡುಕಿಕೊಂಡು ಹೋದೆ.

ಅಕ್ಕಿಪೇಟೆಯಲ್ಲಿ ಯಾರದೋ ಹೋಟೆಲಿನ ಅಡುಗೆಮನೆಯಲ್ಲಿ ಸಿಕ್ಕ. ಎಲ್ಲ ಹೇಳಿದೆ. ಸೌಟು ಆಡಿಸುತ್ತಲೇ ಇದ್ದ. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ನನಗ್ ಹೇಳಿ ಏನ್ ಪ್ರಯೋಜನ ಸಾರ್. ಸಾಂಬಾರ್ ಮಾಡ್ತಿದ್ದಿದ್ದು ನಮ್ಮಮ್ಮ. ತನ್ನಿಂದಾನೇ ಮೆಸ್ ಮುಚ್ಚೋಯ್ತು ಅಂತ ಇವತ್ತಿಗೂ ಒಲೆ ಹತ್ರ ಹೋಗಲ್ಲ. ಅವಳಿಗ್ ಬಂದ್ ಹೇಳಿ."

ನಾಳೆ ಹೋಗುತ್ತಿದ್ದೇನೆ. ಯಾರ ತಪ್ಪೆಂದು ಆಕೆ ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ. ನೀವಿದ್ದಿದ್ದರೆ ನೀವೇ ಬರುತ್ತಿದ್ದಿರಿ ಎಂದೂ ಹೇಳುತ್ತೇನೆ. ಬರುತ್ತಿದ್ದಿರಿ ಅಲ್ವಾ, ಸಾರ್?