ಪೂರ್ತಿ ಅಂಗಿ

ಗಂಗಾನಗರ
೯ ನವೆಂಬರ್ ೨೦೨೫, ಭಾನುವಾರ

ಶಿವರಾಮ್ ಅವರಿಗೆ,

ಮತ್ತಿಕೆರೆಯ ರೂಮಿನಲ್ಲಿ ಓದುವಷ್ಟು ಬೆಳಕಿದೆಯೆ? ಫೋನಿನಲ್ಲಾದರೆ ಗ್ಯಾಸು, ಮಾತ್ರೆ ಇಷ್ಟಕ್ಕೇ ನಮ್ಮ ಮಾತು ಮುಗಿಯುತ್ತದೆ. ನಾವಿಬ್ಬರೂ ಬೇರೆಯಾದ ಮೇಲೆ ನಿಮಗೆ ಹೇಳಲೇಬೇಕು ಅನ್ನಿಸಿದ್ದು ಇದೊಂದೇ.

ನಮ್ಮ ಗಾರ್ಮೆಂಟ್ಸಿನಲ್ಲಿ ಇನ್ನು ಲೈನ್ ಇಲ್ಲ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು ಎಂದು ಹೊಲಿಯುವ ಬದಲು ಪ್ರತಿಯೊಬ್ಬಳೂ ಇಡೀ ಅಂಗಿ ಹೊಲಿಯಬೇಕು. ಒಪ್ಪದಿದ್ದರೆ ಯಶವಂತಪುರದ ಘಟಕಕ್ಕೆ ಬೀಗ. ಒಪ್ಪಿಸುವ ಕೆಲಸ ಫ್ಲೋರ್ ಇನ್‌ಚಾರ್ಜ್ ಆದ ನನ್ನದು.

ಭಾಷಣ ಬರೆದುಕೊಂಡು ಹೋಗಿದ್ದೆ. ಮಾರಮ್ಮ ಕೈಕಟ್ಟಿ ಕೂತರು. ಹದಿನೆಂಟು ವರ್ಷ ಕಾಲರ್ ಬಿಟ್ಟು ಬೇರೇನೂ ಹೊಲಿಯದವರು. ಅವರು ಕೈಕಟ್ಟಿದರೆ ಫ್ಲೋರೇ ಕೈಕಟ್ಟಿದಂತೆ.

"ನಮ್ಗೆ ಬರಲ್ಲ ಮೇಡಂ. ನಿಮ್ಗೆ ಬತ್ತದಾ?" ಎಂದರು.

ಬರುತ್ತಿರಲಿಲ್ಲ. ನಾನೂ ಗುಂಡಿಪಟ್ಟಿ ಮಾತ್ರ ಹೊಲಿದು ಮೇಲೆ ಬಂದವಳು. ಭಾಷಣ ಮಡಚಿಟ್ಟು ಅವರ ಪಕ್ಕದ ಮಿಶನ್ನಿಗೆ ಕೂತೆ. ಹೆಣಗಿ ಹೆಣಗಿ ಒಂದು ಅಂಗಿ ಮುಗಿಸಿ ಎತ್ತಿ ತೋರಿಸಿದಾಗ, ತೋಳು ಹೊಲಿಯುವ ರೆಹಾನಾ ದುಪಟ್ಟಾ ಬಾಯಿಗೊತ್ತಿಕೊಂಡಳು.

"ಮೇಡಂ, ಇದು ಅಂಗಿನಾ, ದಿಂಬಿನ ಕವರಾ? ಕೈ ಎಲ್ಲಿಂದ ಆಚೆ ಬರ್ಬೇಕು?"

ಒಂದು ತೋಳಿನ ಬಾಯನ್ನೇ ಹೊಲಿದು ಮುಚ್ಚಿಬಿಟ್ಟಿದ್ದೆ. ಫ್ಲೋರೆಲ್ಲ ನಕ್ಕಿತು. ಮಾರಮ್ಮ ನಗಲಿಲ್ಲ. "ಏಳಿ ಮೇಡಂ, ಬಟ್ಟೆ ಆಳ್ ಮಾಡ್ಬೇಡಿ" ಎಂದು ನನ್ನನ್ನು ಎಬ್ಬಿಸಿ ತಾವು ಕೂತರು. "ಬಾರೇ ರೆಹಾನಾ, ತೋಳ್ ಎಂಗ್ ಕೂರುಸ್ತೀಯ ತೋರ್ಸು." ಒಬ್ಬೊಬ್ಬರೇ ತಮ್ಮ ತಮ್ಮ ತುಂಡಿನ ಗುಟ್ಟು ಹೇಳಲು ಎದ್ದು ಬಂದರು. ನಾನು ಹಿಂದೆ ಸರಿದೆ.

ಸಂಜೆ ಮಾರಮ್ಮ ಕೊನೆಯ ದಾರ ಕತ್ತರಿಸಿ ಅಂಗಿಯನ್ನು ಭುಜ ಹಿಡಿದು ಎತ್ತಿದರು. ಫ್ಯಾನಿನ ಗಾಳಿಗೆ ಅದು ತುಂಬಿಕೊಂಡಿತು, ಒಳಗೆ ಯಾರೋ ಬಂದು ನಿಂತ ಹಾಗೆ. ಮಿಶನ್ನುಗಳು ಸುಮ್ಮನಾದವು.

"ಇದ್ನ ಪೂರಾ ನಾನೇ ಒಲ್ದಿದ್ದಾ?"

ಯಾರನ್ನು ಕೇಳಿದರೋ. ಇಷ್ಟು ವರ್ಷ ಅಂಗಿಗಳ ನಡುವೆಯೇ ಬದುಕಿದವರು ಮೊದಲ ಸಲ ಅಂಗಿಯೊಂದನ್ನು ಕಂಡಂತಿತ್ತು. ನನಗೆ ಕೈಮುಗಿಯಬೇಕು ಅನ್ನಿಸಿತು, ಮುಗಿಯಲಿಲ್ಲ. ಮಾರನೆಯ ದಿನ ಎಲ್ಲರೂ ಇಡೀ ಅಂಗಿಗೆ ಕೂತರು.

ಅವರಿಗೆಲ್ಲ ಒಂದು ಮಾತು ಹೇಳಿಲ್ಲ. ಹೊಸ ವ್ಯವಸ್ಥೆಯಲ್ಲಿ ಫ್ಲೋರ್ ಇನ್‌ಚಾರ್ಜ್ ಬೇಕಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ನಾಳೆಯಿಂದ ಮಾರಮ್ಮನ ಪಕ್ಕದ ಮಿಶನ್ ನನ್ನದು. ಬೇಸರವಾಗಿದೆಯೇ ಎಂದು ಒಳಗೆ ಹುಡುಕಿದರೆ, ಗಾಳಿ ತುಂಬಿದ ಆ ಅಂಗಿಯೇ ಕಾಣುತ್ತದೆ.

ಇಷ್ಟೇ.
ಜ್ಯೋತಿಲಕ್ಷ್ಮಿ

ಮತ್ತೊಂದು: ಜೊತೆಗಿರುವ ಅಂಗಿ ನಾನು ಹೊಲಿದದ್ದು, ಎರಡನೆಯದು. ಈ ಸಲ ತೋಳುಗಳಿಂದ ಕೈ ಆಚೆ ಬರುತ್ತದೆ. ನಿಮ್ಮ ಅಳತೆ ಕೇಳಲು ಫೋನ್ ಮಾಡೋಣ ಅಂದುಕೊಂಡಿದ್ದೆ. ಬೇಕಾಗಲಿಲ್ಲ, ಕೈಗೆ ನೆನಪಿತ್ತು.