ಊದಿದರೆ ಹಾರುವ ಕೆಂಪು

ಬ್ಯಾಡಗಿ
ಫೆಬ್ರುವರಿ 16, 2025, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆ ಏರಿದ ಗಣ್ಯರೇ, ಏರಲು ಕಾದಿರುವ ಇನ್ನಷ್ಟು ಗಣ್ಯರೇ, ಹಾರ ತರಲು ಹೋಗಿ ಇನ್ನೂ ಬಾರದ ಕಾರ್ಯದರ್ಶಿಗಳೇ, ಮತ್ತು ಈ ಎಲ್ಲರ ಪರವಾಗಿ ರಾಣೆಬೆನ್ನೂರಿನಲ್ಲಿ ಒಬ್ಬಳೇ ಕುಳಿತು ಈ ಲಕೋಟೆ ಒಡೆಯುತ್ತಿರುವ ನಿರ್ಮಲಾ,

ಮೂರು ವರ್ಷದ ಮೇಲೆ ಗಂಡ ಹೆಂಡತಿಗೆ ಬರೆಯುವ ಮೊದಲ ಪತ್ರ ಭಾಷಣದಂತೆ ಶುರುವಾಗಬಾರದು, ಗೊತ್ತು. ಆದರೆ ಎದುರಿಗೆ ಸಭೆ ಇದೆ ಎಂದುಕೊಂಡರೆ ಮಾತ್ರ ನನಗೆ ಧೈರ್ಯ. ಇರುವುದು ನೀನೊಬ್ಬಳೇ ಎಂದುಕೊಂಡರೆ ಪೆನ್ನು ಒಣಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಸಭೆಯಾಗಿರು. ಚಪ್ಪಾಳೆ ಬೇಡ, ಚಪ್ಪಲಿ ಕಾಲಲ್ಲೇ ಇರಲಿ.

ಮೊದಲು ವಾರ್ಷಿಕ ವರದಿ. ‘ಸುಳಿವಿನ ಬೆನ್ನತ್ತಿ’ ಧಾರಾವಾಹಿ ಟಿವಿಯಲ್ಲಿ ಇನ್ನೂ ಓಡುತ್ತಿದೆ. ನೀನು ಮೊದಲ ಜಾಹೀರಾತು ಬರುವ ಮುಂಚೆಯೇ ಕಳ್ಳನ ಹೆಸರು ಹೇಳಿ, ನನ್ನ ಸಿಟ್ಟು ನೋಡಲಾರದೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆಯಲ್ಲ, ಅದೇ ಧಾರಾವಾಹಿ. ಅದರ ಕಂತುಗಳನ್ನು ನಾನು ಕಾದಂಬರಿಯಾಗಿ ಇಳಿಸುತ್ತೇನೆ. ತಿಂಗಳಿಗೊಂದು, ನೂರಾ ಹನ್ನೆರಡು ಪುಟ. ರಾಣೆಬೆನ್ನೂರಿನ ಮಲ್ಲೇಶಪ್ಪನ ಪ್ರೆಸ್ಸಿನಲ್ಲಿ ಅಚ್ಚು. ಮಲ್ಲೇಶಪ್ಪ ಮೊದಲ ದಿನವೇ ಹೇಳಿದ್ದ, “ಊರು ಬದಲಿಸ್ರಿ, ಹೆಸರು ಬದಲಿಸ್ರಿ, ಕಳ್ಳನ್ನ ಮಾತ್ರ ಬದಲಿಸಬ್ಯಾಡ್ರಿ. ಟಿವಿಯವರ ಕರಾರು ಐತಿ.” ಹಾಗೆ ನಾನು ಮುಂಬೈಯ ಬಂಗಲೆಗಳನ್ನು ಬ್ಯಾಡಗಿಯ ಓಣಿಗೆ ತಂದೆ, ಸಮುದ್ರವಿದ್ದಲ್ಲೆಲ್ಲ ತುಂಗಭದ್ರೆ ಹರಿಸಿದೆ. ಕಳ್ಳರನ್ನು ಮಾತ್ರ ಮುಟ್ಟಲಿಲ್ಲ. ಮೂವತ್ತನಾಲ್ಕು ಪುಸ್ತಕವಾಗಿವೆ. ಹಿಂಬದಿ ಪುಟದ ಪದ್ಯಗಳೂ ನನ್ನವೇ. ಇತ್ತೀಚಿನದು ಹೀಗಿದೆ:

ಕದ್ದ ಕೈ ಯಾವುದು, ಕಂಡ ಕಣ್ಣು ಯಾವುದು?
ಎದ್ದು ಹೋಗಬೇಡಿ, ಗುಟ್ಟು ಮುಂದೆ ಇರುವುದು!

ನಗಬೇಡ. ಸಂತೆಯಲ್ಲಿ ಈ ಪದ್ಯವನ್ನು ಕೂಗಿಯೇ ಮಾರುತ್ತಾರೆ.

ಈಗ ಸಭೆಯ ಮುಖ್ಯ ವಿಷಯ. ಮೊನ್ನೆ ಶುಕ್ರವಾರ ನಾನು ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ. ಹೇಳಬೇಕಾದವಳು ನೀನೇ.

ನಮ್ಮ ದಲಾಲಿ ಅಡತಿ ಅಂಗಡಿಯ ಹಿಂದೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡು ಇದೆಯಲ್ಲ, ಅಲ್ಲಿ ಭರಮವ್ವ ಎಂಬಾಕೆ ಪ್ರತಿ ತಿಂಗಳು ನನ್ನ ಪುಸ್ತಕದ ಒಂದು ಪ್ರತಿ ಒಯ್ಯುತ್ತಾಳೆ. ಒಂದೇ ಪ್ರತಿ ಏಕೆ, ಅಲ್ಲಿ ನಲವತ್ತು ಹೆಂಗಸರಿದ್ದಾರಲ್ಲ ಎಂದು ಒಮ್ಮೆ ಕೇಳಿದೆ. “ಒಂದ ಸಾಕ್ರಿ ಸರ, ನಾ ಓದತೇನಿ, ಎಲ್ಲಾರೂ ಕೇಳ್ತಾರ. ನೀವೂ ಬರ್ರಿ ಒಮ್ಮೆ” ಎಂದಳು. ಹೊಗಳಿಕೆ ಸಿಗಬಹುದೆಂದು ಹೋದೆ. ಲೇಖಕ ಎದುರಿಗಿದ್ದರೆ ಜನ ಸಂಕೋಚಪಡುತ್ತಾರೆಂದು, ಚೀಲಗಳ ಅಟ್ಟಿಯ ಹಿಂದೆ ಮರೆಯಾಗಿ ಕುಳಿತೆ. ಕುರ್ಚಿ ಇರಲಿಲ್ಲ, ಪ್ರಶಸ್ತಿಯ ನಿರೀಕ್ಷೆ ಇತ್ತು.

ನಿರ್ಮಲಾ, ಆ ಶೆಡ್ಡನ್ನು ನಾನು ಇಪ್ಪತ್ತು ವರ್ಷದಿಂದ ಹೊರಗಿನಿಂದ ನೋಡಿದ್ದೇನೆ. ಒಳಗೆ ನೋಡಿದ್ದು ಅದೇ ಮೊದಲು. ಆಳೆತ್ತರದ ಕೆಂಪು ರಾಶಿ. ತಗಡಿನ ತೂತಿನಿಂದ ಇಳಿದ ಬಿಸಿಲಿನ ಕೋಲುಗಳಲ್ಲಿ ಮೆಣಸಿನ ಧೂಳು ತೇಲುತ್ತಿತ್ತು. ಸುತ್ತ ನಲವತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿ ಕುಳಿತಿದ್ದರು. ನಡುವೆ ಭರಮವ್ವ, ಕೈಯಲ್ಲಿ ನನ್ನ ಪುಸ್ತಕ. ಓದುವವಳು ಕಾಯಿ ಬಿಡಿಸದಿದ್ದರೆ ಅವಳ ಕೂಲಿ ಹೋಗುತ್ತದಲ್ಲ? ಅದಕ್ಕೆ ಅವರದೇ ಒಂದು ಪದ್ಧತಿ ಇದೆ. ಭರಮವ್ವ ಒಂದು ಪುಟ ತಿರುವಿದಾಗಲೆಲ್ಲ ಪ್ರತಿಯೊಬ್ಬಳೂ ತಾನು ಬಿಡಿಸಿದ ಕಾಯಿಯಲ್ಲಿ ನಾಲ್ಕು ಕಾಯಿ ಅವಳ ಬುಟ್ಟಿಗೆ ಎಸೆಯುತ್ತಾಳೆ. ಪುಟ ಸರಕ್ಕೆಂದಿತು, ಬುಟ್ಟಿಗೆ ಕಾಯಿ ಸುರಿಯಿತು. ನನ್ನ ಒಂದೊಂದು ಪುಟಕ್ಕೂ ನೂರಾ ಅರವತ್ತು ಮೆಣಸಿನಕಾಯಿ! ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಪರಿಷತ್ತು ಕೊಟ್ಟೀತು? ನನಗೆ ಕಣ್ಣಲ್ಲಿ ನೀರು ಬಂತು. ಅರ್ಧ ಘಾಟಿಗೆ, ಅರ್ಧ ಖರೇ.

ಓದುತ್ತಿದ್ದದ್ದು ಮೂವತ್ತನಾಲ್ಕನೆಯದು, ‘ಕೆಂಪು ಬೆರಳು’. ಅದನ್ನು ನೀನು ಓದಿರಲಾರೆ, ಓದಬಾರದೆಂದೇ ನಾನು ದೇವರಲ್ಲಿ ಬೇಡಿಕೊಂಡಿದ್ದೆ. ಟಿವಿಯ ಕಂತಿನಲ್ಲಿ ಒಂದು ಬಂಗಲೆ. ಅತ್ತೆ ಊರಿಗೆ ಹೋಗಿದ್ದಾಗ ಕಪಾಟಿನಿಂದ ವಜ್ರದ ಹಾರ ಮಾಯ. ಕಪಾಟಿನ ಬಾಗಿಲಿಗೆ ಕೆಂಪು ಬಣ್ಣದ ಬೆರಳಿನ ಗುರುತು. ಸೊಸೆ ಚಿತ್ರ ಬರೆಯುವವಳು. ಕಳ್ಳಿ ಸೊಸೆಯೇ. ನಾನು ವಜ್ರದ ಹಾರವನ್ನು ಬಂಗಾರದ ಗುಂಡಿನ ಬೋರಮಾಳ ಸರ ಮಾಡಿದೆ, ಕಪಾಟನ್ನು ತಗಡಿನ ಪೆಟ್ಟಿಗೆ ಮಾಡಿದೆ, ಬಣ್ಣದ ಬದಲು ವರ್ಷದ ಖಾರ ಕುಟ್ಟುವ ದಿನ ತಂದೆ.

ಎಲ್ಲಿಂದ ತಂದೆ ಎಂದು ನಿನಗೆ ಹೇಳಬೇಕಿಲ್ಲ. ಆದರೂ ಸಭೆಯ ನಡಾವಳಿಯಲ್ಲಿ ದಾಖಲಾಗಲಿ. 2022ರ ಮಾರ್ಚ್‌ನಲ್ಲಿ ಅವ್ವ ನನ್ನ ತಂಗಿ ಉಚ್ಚಂಗೆವ್ವನ ಬಾಣಂತನಕ್ಕೆಂದು ಗಳಗನಾಥಕ್ಕೆ ಹೋಗಿದ್ದಳು. ಹಿತ್ತಲಲ್ಲಿ ನೀನು ಖಾರ ಕುಟ್ಟಿದ ದಿನ ಸಂಜೆ, ಅವ್ವನ ಪೆಟ್ಟಿಗೆಯಲ್ಲಿ ಬೋರಮಾಳ ಇರಲಿಲ್ಲ. ಮುಚ್ಚಳದ ಮೇಲೆ ಮೂರು ಕೆಂಪು ಬೆರಳಿನ ಗುರುತು, ನಾನು ಊದಿದಾಗ ಪುಡಿ ಹಾರಿತು. ಮನೆಯಲ್ಲಿ ಇದ್ದವರು ಇಬ್ಬರು. ನಾನು ಟಿವಿಯ ಇನ್‌ಸ್ಪೆಕ್ಟರನಂತೆ ಕೈ ಹಿಂದೆ ಕಟ್ಟಿಕೊಂಡು ಆ ಕಡೆ ಈ ಕಡೆ ಅಡ್ಡಾಡಿದೆ. ಹಲಗೇರಿಯ ನಿನ್ನ ಅಣ್ಣ ಕೊಟ್ರೇಶ ಹಿಂದಿನ ದಿನ ಬಂದು ಹೋಗಿದ್ದನ್ನೂ ಸೇರಿಸಿ ಲೆಕ್ಕ ಬಿಡಿಸಿದೆ. ನೀನು ಕೈ ತೊಳೆದುಕೊಂಡು ಬಂದು ಎಲ್ಲ ಕೇಳಿಸಿಕೊಂಡೆ. ಒಂದೇ ಮಾತು ಹೇಳಿದೆ: “ನಿಮಗ ಒಬ್ಬ ಕಳ್ಳಿ ಬೇಕಾಗಿದ್ಳು, ಸಿಕ್ಕಾಳ. ಇನ್ನ ನಾ ಬರ್ತೀನ್ರಿ.” ಐದೂವರೆಯ ಬಸ್ಸಿಗೆ ಹೋದೆ.

ಶೆಡ್ಡಿಗೆ ಮರಳೋಣ. ಭರಮವ್ವ ಕೊನೆಯ ಅಧ್ಯಾಯ ಓದುತ್ತಿದ್ದಳು. ಇನ್‌ಸ್ಪೆಕ್ಟರ್ ಪೆಟ್ಟಿಗೆಯ ಮೇಲೆ ಬಾಗಿ ಉಫ್ ಎಂದು ಊದುತ್ತಾನೆ, ಕೆಂಪು ಪುಡಿ ಹಾರಿ ಅವನ ಬಿಳಿ ಅಂಗಿಯ ಮೇಲೆ ಕೂರುತ್ತದೆ. “ಖಾರ ಕುಟ್ಟಿದ ಕೈಯೇ ಕದ್ದ ಕೈ!” ಎಂದು ಗರ್ಜಿಸುತ್ತಾನೆ. ಪ್ರಾಸಕ್ಕೆ ನಾನು ಅರ್ಧ ದಿನ ಕೊಟ್ಟ ಸಾಲು. ಪುಟ ತಿರುಗಿತು. ಒಂದು ಕಾಯಿಯೂ ಬೀಳಲಿಲ್ಲ.

ಸಕೀನಾಬಿ ಎಂಬಾಕೆ ಮೂಗಿನ ಸೆರಗು ಬಿಚ್ಚಿದಳು. ಅಕ್ಷರ ಬಾರದವಳು, ಮೂವತ್ತು ವರ್ಷದಿಂದ ಕಾಯಿ ಬಿಡಿಸಿದವಳು. “ಏ ಭರಮಿ, ನಿಂದ್ರು. ಊದಿದರ ಹಾರಿತೇನು ಅದು?”

“ಹಾರಿತಂತ ಬರದಾರಬೇ.”

“ಹಂಗಾರ ಸೊಸೀದಲ್ಲ ಆ ಕೈ.”

ಇನ್ನೊಬ್ಬಳು ಛೇಡಿಸಿದಳು, “ಬಂದ್ಳು ನೋಡ್ರೆ ಫೌಜದಾರ್ತಿ!”

“ನಗಬ್ಯಾಡ್ರೆ. ಯಾವ ಹೆಣ್ಮಗಳು ಕೈಗೆ ಎಣ್ಣಿ ಹಚ್ಚಿಕೊಳ್ಳದೇ ಖಾರ ಕುಟ್ಟಾಕ ಕುಂದ್ರತಾಳ? ಎಣ್ಣಿ ಕೈಯಿಂದ ಮುಟ್ಟಿದರ ಖಾರ ತಗಡಿಗೆ ಮೆತ್ತಿಕೊಂತೈತಿ. ಬೂದಿ ಹಚ್ಚಿ ತಿಕ್ಕಿದರೂ ಹೋಗೂದಿಲ್ಲ. ಊದಿದರ ಹಾರೂದು ಒಣಾ ಕೈದು. ಖಾರ ಕುಟ್ಟಿದಾಕಿದಲ್ಲ, ಕುಟ್ಟೂ ಮುಂದ ಬಂದು ಚಿಟಿಕಿ ತಗೊಂಡು ನೆಕ್ಕಿ ಹೋದವರದು.”

ನಿರ್ಮಲಾ, ತೊಟ್ಟು ಮುರಿಯುವ ಕೈಗಳೆಲ್ಲ ನಿಂತವು. ಆಮೇಲೆ ನಲವತ್ತು ಬಾಯಿ ಒಮ್ಮೆಲೇ ತೆರೆದವು. “ಯಾರ್ ನೆಕ್ಕಿದ್ರಲೇ? ಹಿಂದ ತಿರುವು, ಹಿಂದ ತಿರುವು!” ಭರಮವ್ವ ಪುಟ ಹಿಂದಕ್ಕೆ ತಿರುವಿದಳು. ನಲವತ್ತೊಂದನೆಯ ಪುಟ. ಬಣ್ಣ ತುಂಬಲೆಂದು ನಾನೇ ಬರೆದ ಒಂದು ಸಾಲು: ಗಂಡ ಹಿತ್ತಲಿಗೆ ಬಂದು ಒರಳಿನ ಅಂಚಿನಿಂದ ಚಿಟಿಕೆ ಖಾರ ನಾಲಿಗೆಗೆ ಹಚ್ಚಿಕೊಂಡು, ಬಣ್ಣ ಭೇಷಾಗಿದೆ ಎಂದು ಒಳಗೆ ಹೋದನು.

“ಗಂಡಂದು!” ಎಂದರು ನಲವತ್ತೂ ಜನ.

ಧಾರಾವಾಹಿ ಬರೆದವರು ಎಷ್ಟು ಜನರೋ, ಅವರಿಗೆ ಸಲಹೆ ಕೊಟ್ಟ ಪೊಲೀಸ್ ಅಧಿಕಾರಿಗಳು ಎಷ್ಟೋ. ಅವರೆಲ್ಲರನ್ನೂ, ಬಿ.ಎ. ಓದಿದ ನನ್ನನ್ನೂ ಈ ಹೆಂಗಸರು ಒಂದು ಚಿಟಿಕೆ ಖಾರದಲ್ಲಿ ಹಾರಿಸಿಬಿಟ್ಟರು. ನಾನು ಚೀಲದ ಹಿಂದೆ ನನ್ನ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡೆ. ನೆನಪು ಆಗ ಬಂತು. ಆ ಮಧ್ಯಾಹ್ನ ಖಾರ ನೆಕ್ಕಿ ಒಳಗೆ ಹೋದವನು ಪೆಟ್ಟಿಗೆ ತೆರೆದಿದ್ದೆ, ಮಲ್ಲೇಶಪ್ಪನಿಗೆ ತೋರಿಸಲೆಂದು ಹಾವೇರಿಯಲ್ಲಿ ಓದಿ ಗಳಿಸಿದ ಬಿ.ಎ. ಪ್ರಮಾಣಪತ್ರ ತೆಗೆಯಲು. ಸಂಜೆ ಅದನ್ನು ತಿರುಗಿ ಇಡುವಾಗಲೇ ಸರ ಇಲ್ಲದ್ದು ಕಂಡಿದ್ದು. ಟಿವಿಯಲ್ಲಿ ಇನ್‌ಸ್ಪೆಕ್ಟರ್ ತನ್ನ ಬೆರಳನ್ನು ಎಂದೂ ಪಟ್ಟಿಗೆ ಸೇರಿಸುವುದಿಲ್ಲ. ನಾನೂ ಸೇರಿಸಿರಲಿಲ್ಲ. ಇನ್ನೊಂದು ನೆನಪೂ ಬಂತು. ಅವತ್ತು ಶೇಂಗಾ ಎಣ್ಣೆಯ ಬಟ್ಟಲನ್ನು ನಿನ್ನ ಮುಂದೆ ತಂದಿಟ್ಟವನು ನಾನೇ.

ಅಷ್ಟರಲ್ಲಿ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಮುದುಕಿ ಮೊದಲ ಸಲ ಬಾಯಿ ಬಿಟ್ಟಳು. “ಅದಿರಲಿ ಯವ್ವಾ. ಸರ ಅತ್ತೀದು. ಅತ್ತಿ ಊರಿಗೆ ಹೋಗ್ಯಾಳ, ಸತ್ತಿಲ್ಲ. ಅಕೀನ ಒಂದ್ ಮಾತು ಯಾರರ ಕೇಳಿದ್ರೇನು?”

ನನ್ನ ಮೂವತ್ತನಾಲ್ಕು ಪುಸ್ತಕಗಳಲ್ಲಿ ಇಷ್ಟು ಸಣ್ಣ ಪ್ರಶ್ನೆಯನ್ನು ಯಾವ ಪತ್ತೇದಾರನೂ ಕೇಳಿಲ್ಲ.

ಸರಿಯಾಗಿ ಆಗಲೇ ನನಗೆ ಸೀನು ಬಂತು. ಒಂದಲ್ಲ, ಏಳು. ಚೀಲದ ಅಟ್ಟಿ ಅಲುಗಾಡಿತು. ಭರಮವ್ವ ಇಣುಕಿ ನೋಡಿ, “ಅಯ್ಯ, ಬರದವ್ರು ಇಲ್ಲೇ ಅದಾರಲ್ರೆ! ಹೊರಗ ಬರ್ರಿ ಸರ, ಕುಂದ್ರಿ” ಎಂದಳು. ಕುಂದ್ರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಪರಾಧಿಯಂತೆ ನಿಂತೆ. ಸಕೀನಾಬಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ಕೇಳಿದಳು, “ಸೊಸೀನ ಯಾಕ ಹಂಗ ಹೊರಗ ಹಾಕೀರಿ?”

ಕಥೆ ನನ್ನದಲ್ಲ, ಟಿವಿಯವರದು, ಕರಾರು ಇದೆ ಎಂದೆ.

“ಟಿವಿಯವರಿಗೆ ಖಾರ ಗೊತ್ತಿಲ್ಲ, ಬಿಡ್ರಿ. ನೀವು ಬ್ಯಾಡಗ್ಯಾಗ ಹುಟ್ಟೀರಿ. ನಿಮಗೂ ಗೊತ್ತಿಲ್ಲೇನ್ರಿ?”

ಗೊತ್ತಿರಲಿಲ್ಲ ಎಂದೆ. ಕಡೀ ಅಧ್ಯಾಯ ತಿದ್ದಿ ತರಬೇಕು, ಅಲ್ಲಿಯವರೆಗೆ ನನ್ನ ಮುಂದಿನ ಪುಸ್ತಕ ಆ ಶೆಡ್ಡಿನ ಹೊಸ್ತಿಲು ದಾಟಕೂಡದು ಎಂದು ತೀರ್ಪಾಯಿತು. ನಿನ್ನೆಯೆಲ್ಲ ಕೂತು ತಿದ್ದಿದ್ದೇನೆ. ಮಲ್ಲೇಶಪ್ಪನಿಗೆ ಫೋನು ಮಾಡಿದರೆ, ಕಳ್ಳ ಬದಲಾದರೆ ಅಚ್ಚಿಲ್ಲ ಎಂದ. ಹಾಗಾದರೆ ಮೂವತ್ತೈದನೆಯದನ್ನು ಬೇರೆ ಯಾರಿಂದಾದರೂ ಬರೆಸು ಎಂದೆ. ಸೊಸೆ ನಿರಪರಾಧಿ, ಸಭಿಕರೇ. ಗಂಡನಿಗೆ ಮೂರು ವರ್ಷ ಗೊತ್ತಾಗಲಿಲ್ಲ, ಮೊನ್ನೆ ಶುಕ್ರವಾರ ಗೊತ್ತಾಯಿತು, ಮೊನ್ನೆಯೇ ಅವನ ಕಣ್ಣು ತೆರೆಯಿತು, ತೆರೆದ ಕೂಡಲೇ ಅವನು ಪೆನ್ನು ಹಿಡಿದು

ಇಲ್ಲ.

ಸಭೆ ಬರಖಾಸ್ತು. ಇಲ್ಲಿ ಯಾರೂ ಇಲ್ಲ, ನೀನೊಬ್ಬಳೇ ಇದ್ದೀ. ಮೊನ್ನೆ ಗೊತ್ತಾದದ್ದು ಬೆರಳಿನ ವಿಷಯ ಮಾತ್ರ. ಸರದ ವಿಷಯ ನನಗೆ ಎರಡು ವರ್ಷ ಒಂಬತ್ತು ತಿಂಗಳಿಂದ ಗೊತ್ತಿದೆ. ಅವ್ವ ಮೇ ತಿಂಗಳಲ್ಲಿ ಗಳಗನಾಥದಿಂದ ಬಂದವಳು, ಬೋರಮಾಳವನ್ನು ಹೋಗುವಾಗಲೇ ಒಯ್ದಿದ್ದೆ, ಉಚ್ಚಂಗಿಯ ಕೂಸಿನ ಕೊರಳಿಗೆ ಹಾಕಿ ಬಂದೆ ಎಂದು ಕೈಕಾಲು ತೊಳೆಯುತ್ತ ಹೇಳಿದಳು. ನಿರ್ಮಲಾ ಎಲ್ಲಿ ಎಂದು ಕೇಳಿದಳು. ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತು, ರಾಣೆಬೆನ್ನೂರಿನಲ್ಲೇ ಇರುತ್ತಾಳೆ ಎಂದೆ. ಅವತ್ತೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ನನ್ನ ಪತ್ತೇದಾರಿಕೆ ತಪ್ಪೆಂದು ನಿನ್ನೆದುರು, ಕೊಟ್ರೇಶನೆದುರು ಒಪ್ಪುವುದಕ್ಕಿಂತ ನೀನು ಕಳ್ಳಿಯಾಗಿರುವುದೇ ನನಗೆ ಹಗುರಾಗಿತ್ತು. ಟಿವಿಯಲ್ಲಿ ಆ ಕಂತು ಬಂದಾಗ, ಅಲ್ಲೂ ಸೊಸೆಯೇ ಕದ್ದಳೆಂದಾಗ, ನನಗೆ ಸಮಾಧಾನವಾಯಿತು. ಅದನ್ನು ಬರೆದದ್ದು ಆ ಸಮಾಧಾನದಲ್ಲಿ. ಇದಕ್ಕಿಂತ ಕೆಟ್ಟದ್ದನ್ನು ನಾನು ಬರೆದಿಲ್ಲ.

ತಿದ್ದಿದ ಹದಿನಾರು ಪುಟ ಇದರ ಜೊತೆಗಿವೆ. ಕೊಟ್ರೇಶನಿಗೂ ಒಂದು ಪ್ರತಿ ಕಳಿಸಿದ್ದೇನೆ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಕೇಳುವ ಮುಖ ಇನ್ನೂ ಬಂದಿಲ್ಲ.

ನಿನ್ನವನೆಂದು ಬರೆಯಲು ಅಳುಕುವ,
ಮಾಲತೇಶ

ತಾಜಾಕಲಂ: ಬಾಗಿಲ ಬಳಿ ಕುಳಿತಿದ್ದ ಮುದುಕಿ ನಮ್ಮ ಅವ್ವ. ಮಗ ಬರೆದದ್ದನ್ನು ಕೇಳಲೆಂದು ಆಕೆ ಪ್ರತಿ ಶುಕ್ರವಾರ ಆ ಶೆಡ್ಡಿಗೆ ಹೋಗುತ್ತಿದ್ದಳಂತೆ, ನನಗೆ ಹೇಳಿರಲಿಲ್ಲ. ನಾನು ಚೀಲದ ಹಿಂದಿನಿಂದ ಎದ್ದು ನಿಂತಾಗ ನನ್ನ ಮುಖ ನೋಡಿದಳು, ಮಡಿಲಿನ ತೊಟ್ಟು ಕೊಡವಿದಳು, ಎದ್ದು ಹೋದಳು. ಅಂದಿನಿಂದ ತಾಟು ಇಡುತ್ತಾಳೆ, ಮಾತಿಲ್ಲ. ನಾಳೆ ಒಂಬತ್ತರ ಬಸ್ಸಿಗೆ ನಿನ್ನ ಕಡೆ ಹೊರಟಿದ್ದಾಳೆಂದು ಭರಮವ್ವನಿಂದ ತಿಳಿಯಿತು. ಈ ಪತ್ರವನ್ನು ಆಕೆಯ ಚೀಲದಲ್ಲೇ ಇಟ್ಟಿದ್ದೇನೆ. ನನ್ನನ್ನು ಬಾ ಎಂದಿಲ್ಲ.