ಗಲ್ಲದ ಬೊಟ್ಟು ಒರಸಾಕ ಬಿಡಬ್ಯಾಡ

...ನೀರೂ ಬಂದಿಲ್ಲ, ಅರ್ಧ ದಿನದ ಕೆಲಸಾನೂ ಹೋತು. ಅದೆಲ್ಲಾ ಇರಲಿ, ನಮ್ಮ ಕೂಸನ್ನ ಒಯ್ದಾರ. ಮುತ್ತಜ್ಜಿ, ನಾನು ನಿನ್ನ ಮರಿಮಗ ಬರಮಪ್ಪ. ಇಲ್ಲಿ ಈಗ ಎರಡು ಸಾವಿರದ ನೂರಾ ನಾಲ್ಕನೇ ಇಸವಿ. ನನ್ನ ಮಾತು ವಿಚಿತ್ರ ಅನಿಸಿದ್ರ ಹೊಟ್ಟ್ಯಾಗ ಹಾಕ್ಕೋ. ನೀನಿನ್ನೂ ಬಾಣಂತಿ ಇದ್ದೀ, ಗೊತ್ತೈತಿ. ಹಿಂದಿನ ಕಾಲಕ್ಕ ಧ್ವನಿ ಕಳಿಸೋ ಗೂಡು ಐತಿ ಇಲ್ಲಿ, ಹಿನ್ನುಡಿಗೂಡು ಅಂತಾರ. ಪಾಳಿ ಹಚ್ಚಿ ನಿಂತು ಒಳಗ ಬಂದೀನಿ.

ನಾವು ಗಜೇಂದ್ರಗಡದ ಕಡೆಯಿಂದ ದುಡಿಯಾಕ ಕಡಲ ಮ್ಯಾಲಿನ ಊರಿಗೆ ಬಂದೀವಿ. ತೇಲೋ ಊರು. ನೆಲಾ ಅಲ್ಲಾಡತೈತಿ, ಚಹಾದ ಬಟ್ಟಲ ಕೆಳಗ ಇಡಾಕ ಬರಂಗಿಲ್ಲ. ನಾನೂ ಹೆಂಡತಿ ಯಮನವ್ವಾನೂ ಉಪ್ಪು ಕೆರೆಯೋ ಕೆಲಸಕ್ಕ ಹೋಗ್ತೀವಿ. ಕೆಲಸಗಾರರ ಮಕ್ಕಳೆಲ್ಲಾ ಒಂದ ದೊಡ್ಡ ಕೋಣ್ಯಾಗ ಮಲಗತಾವ. ಪ್ರತಿ ತೊಟ್ಟಿಲ ಮ್ಯಾಲ ಒಂದು ಉಸಿರ್ಗಣ್ಣು. ನಿಮ್ಮ ಕಾಲದಾಗ ಬೇಬಿ ಮಾನಿಟರ್ ಐತಲ್ಲ, ಅದರ ಮೊಮ್ಮಗಳು ಅನ್ನು. ಉಸಿರು ಎಣಸತೈತಿ, ಮೈ ನೋಡತೈತಿ, ಏನರ ಹೆಚ್ಚುಕಡಿಮಿ ಕಂಡ್ರ ತಾನ ಕೂಸನ್ನ ಪಹರೆಮನಿಗೆ, ತಾಯಿ ತಂದಿಯಿಂದ ದೂರ ಇಡೋ ಮನಿಗೆ, ಕಳಿಸಿಬಿಡತೈತಿ. ಯಾರನ್ನೂ ಕೇಳಂಗಿಲ್ಲ.

ಮುಂಜಾನೆ ಯಮನವ್ವ ನಮ್ಮ ಕೂಸು ನೀಲವ್ವಗ ಎರೆದು, ಕಾಡಿಗಿ ತೀಡಿ, ಗಲ್ಲಕ್ಕ ದೃಷ್ಟಿಬೊಟ್ಟು ಇಟ್ಟು ಮಲಗಿಸಿದ್ಲು. ಉಸಿರ್ಗಣ್ಣು ಅದನ್ನ ಗಾಯ ಅಂತ ತಿಳಕೊಂಡೈತಿ. ತಾಯಿ ತಂದಿ ಹೊಡದಾರಂತ. ಪಹರೆಮನ್ಯಾಗ ಕೆಲಸ ಮಾಡೋ ಹುಡುಗಿಗೆ, "ಅದು ಕಾಡಿಗಿ ತಂಗಿ, ಒರಸಿದ್ರ ಹೋಗತೈತಿ" ಅಂದೆ. "ಯಂತ್ರಕ್ಕ ಹೇಳ್ರಿ ಅಣ್ಣಾ" ಅಂತ ನಕ್ಕಳು. ಯಮನವ್ವ ಅಳಲಿಲ್ಲ. "ಬೊಟ್ಟು ಇನ್ನೊಂದಿಷ್ಟು ದೊಡ್ಡದು ಇಡು ಅಂದಿದ್ಯಲ್ಲ, ತಗೋ" ಅಂತ ನನಗ ಅಂದು ಗೋಡಿಗೆ ಮಾರಿ ಮಾಡಿ ಕುಂತಾಳ. ನನಗೂ ಏನೂ ಅನಸವಲ್ದು. ಉಂಡೆ. ಕೈ ತೊಳದೆ. ಮತ್ತ ತೊಳದೆ.

ಈ ಯಂತ್ರಕ್ಕ ಮೊದಲ ಕೂಸುಗಳ ಚಿತ್ರ ತೋರಿಸಿ ಕಲಿಸಿದ್ದು ನಿಮ್ಮ ಕಾಲದವರು. ಆ ಚಿತ್ರದಾಗ ನಿನ್ನ ಮಗಳೂ ಅದಾಳ. ಎಲ್ಲಾ ಕೂಸಿನ ಗಲ್ಲಾನೂ ಒರಸಿ ಸ್ವಚ್ಛ ಮಾಡಿ ಚಿತ್ರ ತಗದಾರ. ಬೊಟ್ಟಿಟ್ಟ ಕೂಸನ್ನ ಅದು ಒಂದೂ ಕಂಡಿಲ್ಲ, ಅದಕ್ಕ ಬೊಟ್ಟನ್ನ ಗಾಯ ಅನ್ನತೈತಿ.

ನಾಳೆ ಮುಂಜಾನೆ ಎಂಟಕ್ಕ ನಿನ್ನ ಮನಿಗೆ ಚಿತ್ರ ತಗಿಯಾಕ ಬರ್ತಾರ. ಗಲ್ಲ ಒರಸಾಕ ಹಸಿ ಬಟ್ಟಿ ತಂದ್ರ ಅವರ ಕೈ ಹಿಡಿದು ತಡಿ. ಓಣ್ಯಾಗಿನ ತಾಯಂದ್ರಿಗೂ ಹೇಳು. ಅವರು ಹೋದ ಮ್ಯಾಲ ಏನಾತಂತ ನನಗ ತಿಳಸು. ಇಲ್ಲಿ ನಾಳೆ ಹತ್ತಕ್ಕ ನೀಲವ್ವನ್ನ ಕಡಲ ದಂಡಿಗೆ ಒಯ್ಯೋ ಹಡಗ ಬಿಡತೈತಿ, ಆಮ್ಯಾಲ ಆಕಿ ನಮಗ ಸಿಗಂಗಿಲ್ಲ. ನಾನು ಗೂಡಿನ ಬಾಗಲದಾಗ ಇರ್ತೀನಿ. ಈ ಧ್ವನಿ ಬಂದ ನಂಬರಿಗೆ ತಿರುಗಿ ಫೋನ್ ಮಾಡಿದ್ರ ಗೂಡಿಗೆ ಮುಟ್ಟತೈತಿ. ಒಂಬತ್ತೂವರಿಗೆ ಮಾಡು.